ಲಾಮು, ಝಾಂಜಿಬಾರ್‌ನ ಹವಳದ ಕಲ್ಲಿನ ಮನೆಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಸೊಮಾಲಿಯಾದ ದಕ್ಷಿಣ ತೀರದಿಂದ ಮೊಜಾಂಬಿಕ್‌ವರೆಗಿನ ಕರಾವಳಿಯಲ್ಲಿ ಸ್ವಾಹಿಲಿ ಜನ ಹವಳದ ಕಲ್ಲು, ಸುಣ್ಣ ಮತ್ತು ಉಪ್ಪುನೀರಿನ ಕೆಸರಲ್ಲಿ ಬೆಳೆಯುವ ಕಾಂಡ್ಲಾ (ಮ್ಯಾಂಗ್ರೋವ್) ಮರದಿಂದ ಊರಿಗೆ ಊರನ್ನೇ ಎಬ್ಬಿಸಿದರು. ಈ ಮನೆಗಳ ವಿನ್ಯಾಸ, ಒಳಗಿನ ಬದುಕು, ರಿಪೇರಿಯ ಬಗ್ಗೆ ಮತ್ತೆ ಮತ್ತೆ ಬರುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಗಳಿವೆ.

ಆಫ್ರಿಕಾದ ಮನೆಗಳೆಲ್ಲ ಹೀಗೇ ಇರುತ್ತವೆಯೇ?

ಖಂಡಿತ ಇಲ್ಲ. ಮಾಲಿಯ ಜೆನ್ನೆಯಲ್ಲಿ ಹಸಿ ಮಣ್ಣಿನ ಇಟ್ಟಿಗೆಯ ಮನೆಗಳಿವೆ, ಬುರ್ಕಿನಾ ಫಾಸೊದ ತಿಯೆಬೆಲೆಯಲ್ಲಿ ಹೆಂಗಸರು ಬಣ್ಣ ಬರೆದ ಮಣ್ಣಿನ ಗೋಡೆಗಳಿವೆ. ಅವುಗಳ ಲೆಕ್ಕಾಚಾರವೇ ಬೇರೆ. ಇಲ್ಲಿ ಹೇಳುತ್ತಿರುವುದು ಕಡಲಂಚಿನ ಸ್ವಾಹಿಲಿ ಮನೆಗಳ ಬಗ್ಗೆ ಮಾತ್ರ. ಕೀನ್ಯಾದ ಲಾಮು ಹಳೇ ಪಟ್ಟಣ 2001ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಟಾಂಜಾನಿಯಾದ ಝಾಂಜಿಬಾರ್ ಸ್ಟೋನ್ ಟೌನ್ ಅದಕ್ಕೂ ಒಂದು ವರ್ಷ ಮೊದಲೇ ಸೇರಿತ್ತು. ಎರಡೂ ಊರುಗಳಲ್ಲಿ ಇವತ್ತಿಗೂ ಜನ ಒಲೆ ಹಚ್ಚಿ ಸಂಸಾರ ಮಾಡುತ್ತಿದ್ದಾರೆ.

ಇವನ್ನು ಕಟ್ಟಿದವರು ಅರಬರು ತಾನೇ?

ಪ್ರವಾಸಿ ಮಾರ್ಗದರ್ಶಿಗಳ ಬಾಯಲ್ಲಿ ಇವತ್ತಿಗೂ ಈ ಮಾತು ಓಡಾಡುತ್ತದೆ. ವಸಾಹತು ಕಾಲದ ಇತಿಹಾಸಕಾರರು ಹಾಗೆ ಬರೆದಿಟ್ಟರು, ಆಫ್ರಿಕನ್ನರಿಗೆ ಕಲ್ಲಿನ ಊರು ಕಟ್ಟಲು ಬರುತ್ತಿತ್ತು ಎಂದು ಒಪ್ಪಲು ಅವರಿಗೆ ಮನಸ್ಸಿರಲಿಲ್ಲ. 1980ರ ದಶಕದಲ್ಲಿ ಪುರಾತತ್ವಜ್ಞ ಮಾರ್ಕ್ ಹಾರ್ಟನ್ ಲಾಮು ಹತ್ತಿರದ ಪಾಟೆ ದ್ವೀಪದ ಶಾಂಗಾದಲ್ಲಿ ಪದರ ಪದರವಾಗಿ ಅಗೆದಾಗ ಬೇರೆಯೇ ಚಿತ್ರ ಕಂಡಿತು. ಅಡಿಯಲ್ಲಿ 8ನೇ ಶತಮಾನದ ಮಣ್ಣು ಮತ್ತು ಮರದ ಮನೆಗಳು, ಮರದ ಪುಟ್ಟ ಮಸೀದಿ. ಅದೇ ಜಾಗದಲ್ಲಿ, ಅವುಗಳ ಮೇಲೆಯೇ, ಆಮೇಲಿನ ತಲೆಮಾರುಗಳ ಕಲ್ಲಿನ ಕಟ್ಟಡಗಳು. ಎಲ್ಲಿಂದಲೋ ಬಂದವರು ಒಮ್ಮೆಗೇ ತಂದಿಳಿಸಿದ ಊರಲ್ಲ ಅದು, ನಿಂತ ನೆಲದಲ್ಲೇ ಬೆಳೆದದ್ದು.

ಹೊರಗಿನ ನಂಟೇ ಇರಲಿಲ್ಲ ಎಂದಲ್ಲ. 2023ರಲ್ಲಿ ಪ್ರಕಟವಾದ ಪ್ರಾಚೀನ ಡಿಎನ್‌ಎ ಅಧ್ಯಯನದ ಪ್ರಕಾರ ಕರಾವಳಿಯ ಹಲವರಲ್ಲಿ ತಾಯಿಯ ಕಡೆಯ ಮೂಲ ಬಹುಪಾಲು ಆಫ್ರಿಕದ್ದು, ತಂದೆಯ ಕಡೆಯದು ಹೆಚ್ಚಾಗಿ ಪರ್ಷಿಯಾದ ಕಡೆಯದು, ಈ ಬೆರಕೆ ಶುರುವಾದದ್ದು ಕ್ರಿ.ಶ. 1000ರ ಆಸುಪಾಸಿನಲ್ಲಿ. ಬಂದ ವರ್ತಕರು ಇಲ್ಲಿನ ಮನೆಗಳಿಗೆ ಅಳಿಯಂದಿರಾದರು. ಮನೆ ಮಾತ್ರ ತಾಯಂದಿರ ಊರಿನದು.

ಹವಳದ ಕಲ್ಲು ಎಂದರೆ ಸಮುದ್ರದಿಂದ ತೆಗೆದ ಹವಳವೇ?

ಎರಡು ಬಗೆಯ ಕಲ್ಲು ಬೇಕು, ಇವೆರಡರ ವ್ಯತ್ಯಾಸ ಗೊತ್ತಿಲ್ಲದಿದ್ದರೆ ಮನೆ ಅರ್ಥವಾಗುವುದಿಲ್ಲ. ಗೋಡೆಗೆ ಬಳಸುವುದು ನೆಲದ ಮೇಲೆ ಸಿಗುವ ಹಳೆಯ ಹವಳದ ಕಲ್ಲು. ಲಕ್ಷ ವರ್ಷಗಳಷ್ಟು ಹಿಂದೆ ಕಡಲು ಬಿಟ್ಟುಹೋದ ಹವಳದ ದಿಬ್ಬ ಗಟ್ಟಿಯಾಗಿ ಆದದ್ದು. ಒರಟು, ತೂತು ತೂತು, ನೇರವಾಗಿ ಕಡಿಯಲು ಬರುವುದಿಲ್ಲ. ಹಾಗಾಗಿ ಒಡೆದ ತುಂಡುಗಳನ್ನು ಸುಣ್ಣದ ಗಾರೆಯಲ್ಲಿ ಹುದುಗಿಸಿ ಸುಮಾರು ಅರ್ಧ ಮೀಟರ್ ದಪ್ಪಕ್ಕೆ ಗೋಡೆ ಎಬ್ಬಿಸುತ್ತಾರೆ.

ಕೆತ್ತನೆಗೆ ಬೇಕಾದದ್ದು ಪೊರೈಟಿಸ್ ಎಂಬ ಜಾತಿಯ ಹವಳ. ಇದನ್ನು ಇಳಿತದ ಹೊತ್ತಿನಲ್ಲಿ ಕಡಲಿನಿಂದ ಹಸಿಯಾಗಿಯೇ ಕಡಿದು ತರುತ್ತಿದ್ದರು. ಹಸಿ ಇರುವಾಗ ಉಳಿಗೆ ಸಲೀಸಾಗಿ ಬಗ್ಗುತ್ತದೆ, ಗಾಳಿಗೆ ಒಣಗಿದ ಮೇಲೆ ಗಟ್ಟಿಯಾಗುತ್ತದೆ. ಮಸೀದಿಯಲ್ಲಿ ಪ್ರಾರ್ಥನೆಯ ದಿಕ್ಕು ತೋರುವ ಗೂಡಾದ ಮಿಹ್ರಾಬು, ಬಾಗಿಲ ಚೌಕಟ್ಟು, ಗೋಡೆಗೂಡುಗಳ ಅಂಚು ಎಲ್ಲ ಇದರದ್ದು. ತಂದ ಕೂಡಲೇ ಕೆತ್ತಿ ಮುಗಿಸಬೇಕು, ತಡಮಾಡಿದರೆ ಅಂಚು ಉದುರುತ್ತದೆ.

ಸುಣ್ಣವನ್ನು ಹೇಗೆ ಸುಡುತ್ತಾರೆ?

ಗೂಡು ಕಟ್ಟುವುದಿಲ್ಲ, ಬಯಲಲ್ಲೇ ಸುಡುತ್ತಾರೆ. ದಿಮ್ಮಿಗಳನ್ನು ದುಂಡಗೆ, ಒಂದರ ಮೇಲೊಂದು ಒತ್ತಾಗಿ ಜೋಡಿಸಿ ನಡುವೆ ಒಂದು ಕುಳಿ ಬಿಡುತ್ತಾರೆ. ಆ ರಾಶಿಯ ಮೇಲೆ ಮುಷ್ಟಿಗಾತ್ರದ ಹವಳದ ತುಂಡುಗಳು. ಕುಳಿಗೆ ಒಣ ಪುರಳೆ ತುಂಬಿ ಬೆಂಕಿ ಕೊಟ್ಟರೆ ರಾತ್ರಿಯಿಡೀ ಉರಿದು, ಕಟ್ಟಿಗೆ ಕುಸಿದಂತೆ ಕಲ್ಲು ಬೂದಿಯ ಮೇಲೆ ಬೆಳ್ಳಗೆ ಕೂರುತ್ತದೆ. ತುಂಡುಗಳು ಒಂದೇ ಗಾತ್ರದಲ್ಲಿರಬೇಕು. ದೊಡ್ಡದರ ಒಳಗು ಬೇಯದೆ ಉಳಿದರೆ ಅದು ಗಾರೆಯಲ್ಲಿ ಬರೀ ಕಲ್ಲಾಗಿ ಕೂರುತ್ತದೆ. ಬೆಂದೂ ಅರಳದೆ ಉಳಿದ ಚೂರು ಇನ್ನೂ ಕೆಟ್ಟದ್ದು: ಗಿಲಾವಿನ ಒಳಗೆ ತಿಂಗಳುಗಳ ನಂತರ ಅರಳಿ, ಗೋಡೆಯ ಮೇಲೆ ಕಾಸಿನಗಲದ ಚಕ್ಕೆ ಹಾರಿಸುತ್ತದೆ. ಅದಕ್ಕೇ ಸುಟ್ಟ ಸುಣ್ಣಕ್ಕೆ ನೀರು ಹೊಯ್ದು ಅರಳಿಸಿ, ಜರಡಿ ಹಿಡಿದು, ತಿಂಗಳುಗಟ್ಟಲೆ ಮಾಗಲು ಬಿಡುತ್ತಾರೆ.

ಕೋಣೆಗಳು ರೈಲು ಬೋಗಿಯಂತೆ ಉದ್ದಕ್ಕೆ, ಕಿರಿದಾಗಿ ಇರುವುದೇಕೆ?

ಕಾರಣ ಬೊರಿಟಿ. ಗೋಡೆಯಿಂದ ಗೋಡೆಗೆ ಅಡ್ಡಲಾಗಿ ಇಟ್ಟು ಮಾಳಿಗೆಯನ್ನು ಹೊರಿಸುವ ಕಾಂಡ್ಲಾ ಮರದ ಕಂಬಕ್ಕೆ ಸ್ವಾಹಿಲಿಯಲ್ಲಿ ಬೊರಿಟಿ ಎನ್ನುತ್ತಾರೆ. ಒಂದು ಕಂಬ ಸುಮಾರು 11ರಿಂದ 14 ಸೆಂಟಿಮೀಟರ್ ದಪ್ಪ. ನೆಟ್ಟಗೆ, ಭಾರ ತಡೆಯುವಂತೆ ಸಿಗುವ ಉದ್ದಕ್ಕೆ ಮಿತಿ ಇದೆ. ಹಾಗಾಗಿ ಗೋಡೆಯಿಂದ ಗೋಡೆಗೆ ಎರಡೂವರೆಯಿಂದ ಮೂರು ಮೀಟರ್ ಅಷ್ಟೇ. ಉದ್ದ ಎಷ್ಟು ಬೇಕಾದರೂ ಹೋಗಬಹುದು, ಅಗಲ ಮಾತ್ರ ಮರ ಹೇಳಿದಷ್ಟು.

ಆ ಮರ ಹೊರುವ ಭಾರ ನೋಡಿ. ಒಂದು ಅಡಿಗೊಂದರಂತೆ ಬೊರಿಟಿ, ಅದರ ಮೇಲೆ ಹವಳದ ಚಪ್ಪಡಿ, ಅದರ ಮೇಲೆ ಸುಣ್ಣ ಮತ್ತು ಕಲ್ಲುಚೂರಿನ ಗಚ್ಚು, ಒಟ್ಟು 20ರಿಂದ 25 ಸೆಂಟಿಮೀಟರ್. ಚದರ ಮೀಟರಿಗೆ ನಾಲ್ಕು ಕ್ವಿಂಟಾಲ್ ಆಸುಪಾಸು. ಗಚ್ಚನ್ನು ಹಾಕಿ ಬಿಟ್ಟರೆ ಸಾಲದು. ಸಾಲಾಗಿ ಕುಳಿತು ಕೋಲಿನಿಂದ ದಿನಗಟ್ಟಲೆ ಬಡಿದು ಬಡಿದು ನೀರು ಮೇಲೆ ಬರಿಸಬೇಕು. ಬಡಿತ ಕಡಿಮೆಯಾದ ಮಾಳಿಗೆ ಮೊದಲ ಮಳೆಗಾಲದಲ್ಲೇ ಸೋರುತ್ತದೆ.

ಈ ಕಂಬಗಳು ಹಾಯಿ ಹಡಗುಗಳಲ್ಲಿ ಒಮಾನ್, ಬಹರೇನ್, ಕುವೈತ್‌ಗೂ ಹೋದವು. ಅಲ್ಲಿನ ಹಳೆಯ ಮನೆಗಳ ಕೋಣೆಗಳೂ ಇದೇ ಅಳತೆಗೆ ಕಿರಿದಾಗಿವೆ. ಆಫ್ರಿಕದ ಒಂದು ಮರ ಕೊಲ್ಲಿಯ ದಡದ ಮನೆಗಳ ಅಗಲವನ್ನು ನಿರ್ಧರಿಸಿತು ಎಂಬುದು ನಮಗೆ ಇಡೀ ವಿಷಯದಲ್ಲೇ ಅತ್ಯಂತ ಪ್ರಿಯವಾದ ಸಂಗತಿ.

ಒಳಗೆ ಕೋಣೆಗಳ ಕ್ರಮ ಹೇಗೆ?

ಲಾಮುವಿನ ಹಳೆಯ ಮನೆಯನ್ನು ತೆಗೆದುಕೊಳ್ಳೋಣ. ಬೀದಿಗೆ ತೆರೆದ ದಾಕಾ, ಅಂದರೆ ಎರಡೂ ಬದಿಗೆ ಕಲ್ಲಿನ ಜಗುಲಿ ಇರುವ ಬಾಗಿಲಮುಂಗಟ್ಟು. ಹೊರಗಿನ ಗಂಡಸರ ಮಾತುಕತೆ, ವ್ಯಾಪಾರ ಇಲ್ಲಿಗೇ ಮುಗಿಯುತ್ತದೆ. ಬಾಗಿಲು ದಾಟಿದರೆ ದಾರಿ ತಿರುಗುತ್ತದೆ, ಬೀದಿಯಲ್ಲಿ ನಿಂತವರ ಕಣ್ಣು ಒಳಗೆ ಹಾಯಬಾರದು. ಆಮೇಲೆ ಕಿವಾಂಡಾ ಎಂಬ ತೆರೆದ ಅಂಗಳ, ಮನೆಯ ಬೆಳಕೆಲ್ಲ ಇಲ್ಲಿಂದಲೇ. ಅಂಗಳಕ್ಕೆ ತೆರೆದುಕೊಂಡು ಎರಡು ಉದ್ದನೆಯ ಪಡಸಾಲೆಗಳು ಒಂದರ ಹಿಂದೊಂದು: ಮ್ಸಾನಾ ವಾ ತಿನಿ, ಮ್ಸಾನಾ ವಾ ಯೂ, ಅಂದರೆ ಕೆಳಗಿನದು ಮತ್ತು ಮೇಲಿನದು. ಹೆಸರಿಗೆ ತಕ್ಕಂತೆ ನೆಲ ಒಂದೊಂದೇ ಮೆಟ್ಟಿಲು ಏರುತ್ತದೆ. ಹಿಂದೆ ನ್ದಾನಿ, ಮನೆಯ ಯಜಮಾನಿಯ ಕೋಣೆ. ಒಳಗೆ ಹೋದಷ್ಟೂ ನೆಲ ಎತ್ತರ, ಬೆಳಕು ಕಡಿಮೆ, ಗೋಡೆಯ ಅಲಂಕಾರ ಹೆಚ್ಚು. ಹೆರಿಗೆಯಾಗಲಿ, ತೀರಿಕೊಂಡವರ ಕೊನೆಯ ಸ್ನಾನವಾಗಲಿ, ನಡೆಯುತ್ತಿದ್ದದ್ದು ಈ ಒಳಭಾಗದಲ್ಲೇ.

ಮನೆ ಹೆಣ್ಣುಮಕ್ಕಳದ್ದು. ಮದುವೆಯಾದ ಮಗಳಿಗೆ ತಂದೆ ಮನೆಯನ್ನೋ ಮೇಲಂತಸ್ತನ್ನೋ ಕೊಡುವುದು ಲಾಮುವಿನ ಸಿರಿವಂತ ಮನೆತನಗಳ ರೂಢಿ, ಅಳಿಯ ಅಲ್ಲಿಗೆ ಬಂದು ನೆಲೆಸುತ್ತಾನೆ. ಓಣಿಯ ಆಚೆ ಈಚೆ ಒಂದೇ ಕುಟುಂಬದ ಮನೆಗಳಿದ್ದರೆ ಮೇಲಿಂದ ಸೇತುವೆಯಂತೆ ಒಂದು ಕೋಣೆ ಕಟ್ಟಿ ಜೋಡಿಸುತ್ತಾರೆ. ಅದಕ್ಕೆ ವಿಕಿಯೊ ಎಂದು ಹೆಸರು. ಹೆಂಗಸರು ಬೀದಿಗಿಳಿಯದೆಯೇ ತವರಿಗೆ ಹೋಗಿ ಬರಬಹುದು.

ಗೋಡೆಯ ತುಂಬ ಇರುವ ಆ ಸಣ್ಣ ಗೂಡುಗಳು ಯಾವುದಕ್ಕೆ?

ಅವು ಜಿದಾಕಾ. ಸುಣ್ಣಗಾರೆಯಲ್ಲಿ ಸಾಲು ಸಾಲಾಗಿ, ಎಡಬಲ ಸರಿಹೊಂದುವಂತೆ ಮಾಡಿದ ಗೋಡೆಗೂಡುಗಳು. ಚೀನಾದ ಪಿಂಗಾಣಿ, ಕುರಾನಿನ ಪ್ರತಿ, ಬೆಲೆಬಾಳುವ ವಸ್ತುಗಳು ಇಲ್ಲಿ. ಬರೀ ಶೋಕಿ ಎಂದು ತಳ್ಳಿಹಾಕಬೇಡಿ: ಹೆರಿಗೆ, ಸಾವು ನಡೆಯುವ ಜಾಗದ ಸುತ್ತ ಕೇಡನ್ನು ತಡೆಯುವ ಕಾಪಾಗಿಯೂ ಅವನ್ನು ನಂಬಿದ್ದರು. ಲಾಮುವಿನ ಒಳ್ಳೆಯ ಗಾರೆ ಕೆತ್ತನೆ ಬಹುಪಾಲು 18ನೇ ಶತಮಾನದ್ದು.

ಬಚ್ಚಲ ತೊಟ್ಟಿಯಲ್ಲಿ ಮೀನು ಬಿಡುತ್ತಿದ್ದರಂತೆ, ನಿಜವೇ?

ನಿಜ. ನೀರು ತುಂಬಿಡುವ ಗಾರೆಯ ತೊಟ್ಟಿಗೆ ಬಿರಿಕಾ ಎನ್ನುತ್ತಾರೆ. ಸೊಳ್ಳೆಯ ಮರಿಹುಳು ತಿನ್ನಲು ಅದರಲ್ಲಿ ಸಣ್ಣ ಮೀನು. ತೊಟ್ಟಿಯ ತಳಕ್ಕೆ ಒಂದು ಪಿಂಗಾಣಿ ಬಟ್ಟಲನ್ನು ಗಾರೆಯಲ್ಲೇ ಕೂರಿಸಿರುತ್ತಾರೆ. ತೊಳೆಯಲು ನೀರು ಖಾಲಿ ಮಾಡಿದಾಗ ಬಟ್ಟಲಲ್ಲಿ ಒಂದಿಷ್ಟು ನೀರು ನಿಲ್ಲುತ್ತದೆ, ಮೀನು ಅಲ್ಲಿ ಸೇರಿಕೊಂಡು ಬದುಕುತ್ತದೆ. ರಿಪೇರಿಗೆ ಬಂದ ಮೇಸ್ತ್ರಿ ಈ ಬಟ್ಟಲನ್ನು ಒಡಕು ಪಾತ್ರೆ ಎಂದುಕೊಂಡು ಕಿತ್ತು ಸಿಮೆಂಟ್ ಬಳಿದುಬಿಡುವುದುಂಟು. ಕೆಲಸ ಶುರುವಾಗುವ ಮೊದಲೇ ಗುರುತು ಹಾಕಿಸಿ.

ಝಾಂಜಿಬಾರ್ ಬಾಗಿಲ ಮೇಲಿನ ಹಿತ್ತಾಳೆ ಮೊಳೆಗಳು ಆನೆ ತಡೆಯಲಿಕ್ಕೇ?

ಇಲ್ಲ. ಸ್ಟೋನ್ ಟೌನಿನ ಓಣಿಯಲ್ಲಿ ಬಾಗಿಲು ಗುದ್ದುವ ಆನೆ ಇರಲಿಲ್ಲ. ಆ ಮೊಳೆಯ ಮಾದರಿ ಭಾರತದ ಕೋಟೆ ಬಾಗಿಲುಗಳ ಕಡೆಯಿಂದ ಬಂದದ್ದು, ಇಲ್ಲಿ ಅದು ಅಂತಸ್ತಿನ ಗುರುತು. ಮೇಲ್ಪಟ್ಟಿ ನೇರವಾಗಿದ್ದರೆ ಸಾಮಾನ್ಯವಾಗಿ ಹಳೆಯ, ಒಮಾನಿ ಎಂದು ಕರೆಯುವ ಬಗೆ. ಮೇಲ್ಭಾಗ ಕಮಾನಿನಂತಿದ್ದು ಹೂಬಳ್ಳಿ ತುಂಬಿದ್ದರೆ ಭಾರತೀಯ ಪ್ರಭಾವದ್ದು, ಸುಲ್ತಾನ್ ಬರ್ಗಾಶ್ ಆಳಿದ 1870ರಿಂದ 1888ರ ಅವಧಿಯಲ್ಲಿ ಇದು ಬಹಳ ಹರಡಿತು. ಅಂಗಡಿಮನೆಗಳಲ್ಲಿ ಮಡಚುವ ಹಲಗೆಗಳ ಗುಜರಾತಿ ಬಾಗಿಲು. ಮರ ತೇಗ, ಹಲಸು, ಅಲ್ಲಿನ ಮ್ವುಲೆ.

ಹಳೆ ಬಾಗಿಲನ್ನು ಕೊಂಡು ತರುವ ಆಸೆ ಇದ್ದವರಿಗೆ ಒಂದು ಮಾತು: ಬೇಡ. ಬಾಗಿಲು ಕಿತ್ತ ಗೋಡೆಯಲ್ಲಿ ಚೌಕಟ್ಟಿನ ಆಸರೆ ಹೋಗಿ ಮೇಲಿನ ಕಲ್ಲು ಸಡಿಲವಾಗುತ್ತದೆ. ಕೆತ್ತುವ ಕಸುಬುದಾರರು ಎರಡೂ ಊರಿನಲ್ಲಿ ಇದ್ದಾರೆ, ಹೊಸದನ್ನೇ ಮಾಡಿಸಿ.

ಎಲ್ಲರೂ ಕಲ್ಲಿನ ಮನೆಯಲ್ಲೇ ಇದ್ದರೇ?

ಇಲ್ಲ, ಇದನ್ನು ಮರೆಮಾಚಿ ಈ ಮನೆಗಳನ್ನು ಹೊಗಳುವುದು ಸರಿಯಲ್ಲ. ಕಲ್ಲಿನ ಮನೆ ವಾಉಂಗ್ವಾನಾ ಎಂಬ ಮೇಲ್ವರ್ಗದ ಹಕ್ಕಾಗಿತ್ತು. ಲಾಮುವಿನಲ್ಲಿ ಉತ್ತರದ ಮ್ಕೊಮಾನಿ ಕಲ್ಲಿನ ಕೇರಿ, ದಕ್ಷಿಣದ ಲಂಗೊನಿ ಮಣ್ಣು ಮತ್ತು ಗರಿಯ ಕೇರಿ. ದೊಡ್ಡ ಮನೆಯ ಕೆಳಅಂತಸ್ತಿನಲ್ಲಿ ಸರಕಿನ ಜೊತೆಗೆ ಗುಲಾಮರು ಇರುತ್ತಿದ್ದರು. ಕಲ್ಲು ಒಡೆದದ್ದು, ಸುಣ್ಣ ಹೊತ್ತದ್ದು ಬಹುಪಾಲು ಅವರೇ. ಝಾಂಜಿಬಾರ್‌ನ ಗುಲಾಮರ ಮಾರುಕಟ್ಟೆ ಮುಚ್ಚಿದ್ದು 1873ರಲ್ಲಿ, ಅಲ್ಲಿ ಗುಲಾಮಗಿರಿಗೆ ಕಾನೂನಿನ ಮಾನ್ಯತೆ ಹೋದದ್ದು 1897ರಲ್ಲಿ.

ಮಣ್ಣಿನ ಮನೆಯದೂ ಚೊಕ್ಕ ವಿನ್ಯಾಸ. ಮುಂದೆ ಬರಾಜಾ ಎಂಬ ಜಗುಲಿ, ನಡುವೆ ನೇರ ಓಣಿಯಂಥ ಹಾದಿ, ಎರಡೂ ಕಡೆ ಕೋಣೆಗಳು, ಹಿಂದೆ ಅಂಗಳ ಮತ್ತು ಅಡುಗೆ. ಕೋಲುಗಳ ಹಂದರಕ್ಕೆ ಮಣ್ಣು ಮೆತ್ತಿದ ಗೋಡೆ, ಮೇಲೆ ಮಕುಟಿ. ಮಕುಟಿ ನಮ್ಮ ಹೆಣೆದ ಮಡಲಿನಂತಲ್ಲ: ತೆಂಗಿನ ಎಲೆಗಳನ್ನು ದಂಟಿನಿಂದ ಬಿಡಿಸಿ, ಒಂದು ಕೋಲಿನ ಮೇಲೆ ಮಡಚಿ ಹೊಲಿದ ಪಟ್ಟಿ ಅದು, ಹೆಂಚಿನ ಹಾಗೆ ಸಾಲಾಗಿ ಕಟ್ಟುತ್ತಾರೆ.

ಗೋಡೆ ಹೊರಗೆ ಉಬ್ಬಿದೆ, ಬಿರುಕು ಬಿಟ್ಟಿದೆ. ತಪ್ಪು ಎಲ್ಲಿದೆ?

ಮೊದಲು ಮಾಳಿಗೆಯನ್ನು ನೋಡಿ, ಗೋಡೆಯನ್ನಲ್ಲ. ಬಹುತೇಕ ಸಲ ಕಥೆ ಶುರುವಾಗುವುದು ಸೋರುವ ನೀರಿನಿಂದ. ಮಾಳಿಗೆಯಿಂದ ಇಳಿದ ನೀರು ಬೊರಿಟಿಯ ತುದಿ ಗೋಡೆಯೊಳಗೆ ಕೂತ ಜಾಗದಲ್ಲಿ ನಿಲ್ಲುತ್ತದೆ. ಕೋಣೆಯಲ್ಲಿ ಕಾಣುವ ಕಂಬ ಕಬ್ಬಿಣದಂತಿರುತ್ತದೆ, ಗೋಡೆಯೊಳಗಿನ ಅದೇ ಕಂಬದ ಗೇಣುದ್ದ ತುದಿ ನೆನೆದ ಹಿಟ್ಟಿನಂತಾಗಿರುತ್ತದೆ. ಬೊರಿಟಿ ಭಾರ ಹೊರುವುದಷ್ಟೇ ಅಲ್ಲ, ಎದುರುಬದುರಿನ ಎರಡು ಗೋಡೆಗಳನ್ನು ಹಿಡಿದಿಡುವ ಕಟ್ಟೂ ಹೌದು. ತುದಿ ಕೊಳೆತರೆ ಗೋಡೆಗೆ ಹಿಡಿತ ತಪ್ಪಿ ಹೊರಕ್ಕೆ ವಾಲುತ್ತದೆ. ಪರೀಕ್ಷೆಗೆ ತೆಳ್ಳನೆಯ ಉಳಿಯನ್ನು ಕಂಬ ಗೋಡೆ ಸೇರುವ ಸಂದಿನಲ್ಲಿ ಓರೆಯಾಗಿ ಒತ್ತಿ. ಎರಡು ಸೆಂಟಿಮೀಟರಿಗಿಂತ ಹೆಚ್ಚು ಸುಲಭವಾಗಿ ಇಳಿದರೆ ಆ ಕಂಬ ಬದಲಾಗಲೇಬೇಕು.

ಇನ್ನೊಂದು ಕಾರಣ ಸೋರಿದಾಗಲೆಲ್ಲ ಮೇಲಿಂದ ಮೇಲೆ ಹಾಕಿದ ಗಚ್ಚು. ಹಳೆಯದನ್ನು ತೆಗೆಯದೆ ಐದು ಸೆಂಟಿಮೀಟರಿನ ಒಂದು ಪದರ ಸೇರಿಸಿದರೆ ಚದರ ಮೀಟರಿಗೆ ಸುಮಾರು ಒಂದು ಕ್ವಿಂಟಾಲ್ ಭಾರ ಏರಿತು. ಮೂರು ತಲೆಮಾರಿನ ಅಂಥ ರಿಪೇರಿ, ಅದರ ಮೇಲೆ ಒಂದು ಸಾವಿರ ಲೀಟರಿನ ಪ್ಲಾಸ್ಟಿಕ್ ಟ್ಯಾಂಕು!

ಸಿಮೆಂಟ್ ಗಿಲಾವು ಹಾಕಿದರೆ ಗಟ್ಟಿಯಾಗುವುದಿಲ್ಲವೇ?

ಮೇಲ್ಮೈ ಗಟ್ಟಿಯಾಗುತ್ತದೆ, ಗೋಡೆ ಸಾಯುತ್ತದೆ. ಹವಳದ ಗೋಡೆ ನೆಲದಿಂದಲೂ ಗಾಳಿಯಿಂದಲೂ ತೇವ ಹೀರುತ್ತದೆ, ಸುಣ್ಣದ ಗಿಲಾವಿನ ಮೂಲಕ ಅದನ್ನು ಹೊರಗೆ ಬಿಡುತ್ತದೆ. ಸಿಮೆಂಟ್ ಆ ದಾರಿಯನ್ನು ಮುಚ್ಚುತ್ತದೆ. ತೇವ ಒಳಗೇ ಉಳಿದು ಗಾರೆಯನ್ನು ಸಡಿಲಿಸುತ್ತದೆ, ಉಪ್ಪು ಗಿಲಾವಿನ ಹಿಂದೆ ಹರಳುಗಟ್ಟುತ್ತದೆ. ಕೊನೆಗೆ ಸಿಮೆಂಟ್ ಹಾಳೆಯಂತೆ ಕಳಚಿ ಬೀಳುವಾಗ ಕಲ್ಲಿನ ಮೈಯನ್ನೂ ಕಿತ್ತುಕೊಂಡೇ ಬರುತ್ತದೆ. ಬೆರಳ ಗಂಟಿನಿಂದ ತಟ್ಟಿ ನೋಡಿ: ಟೊಳ್ಳು ಸದ್ದು ಬಂದ ಜಾಗದಲ್ಲಿ ಗಿಲಾವು ಆಗಲೇ ಬಿಟ್ಟಿದೆ.

ಹಾಗಾದರೆ ಸರಿಯಾದ ರಿಪೇರಿಯ ಕ್ರಮ ಯಾವುದು?

ಮಾಳಿಗೆಯ ಸೋರಿಕೆ, ಹರಿನಾಳ ಮೊದಲು. ಅದಾಗದೆ ಗೋಡೆ ಮುಟ್ಟಬೇಡಿ. ಆಮೇಲೆ ಬೊರಿಟಿ: ಅಕ್ಕಪಕ್ಕದ ಕಂಬಗಳಿಗೆ ಕೆಳಗಿನಿಂದ ಆನಿಕೆ ಕೊಟ್ಟು, ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಒಂದೇ ದಿನ ನಾಲ್ಕೈದು ಕಿತ್ತ ಕಡೆ ಮಾಳಿಗೆ ಕುಸಿಯುವ ಅಪಾಯ ಇದ್ದೇ ಇದೆ. ಹೊಸ ಕಂಬದ ತುದಿ ಗೋಡೆಯೊಳಗೆ ಕನಿಷ್ಠ 15ರಿಂದ 20 ಸೆಂಟಿಮೀಟರ್ ಕೂರಬೇಕು, ಸುತ್ತ ಸಿಮೆಂಟ್ ತುರುಕಬಾರದು.

ಹಳೆಯ ಸಿಮೆಂಟನ್ನು ಕೈ ಉಳಿಯಿಂದ ತೆಗೆಯಿರಿ, ಯಂತ್ರದ ಸುತ್ತಿಗೆ ಒಳಗಿನ ಕಲ್ಲನ್ನೇ ಅಲ್ಲಾಡಿಸುತ್ತದೆ. ಬರಿಮೈ ಗೋಡೆಯನ್ನು ಒಂದು ಒಣ ಋತು ಪೂರ್ತಿ ಆರಲು ಬಿಡಿ. ಮನೆಯವರಿಗೆ ಅತಿ ಕಷ್ಟವಾಗುವ ಹಂತ ಇದೇ, ಅವಸರ ಮಾಡಿದವರು ಎರಡು ವರ್ಷದಲ್ಲಿ ಮತ್ತೆ ದುಡ್ಡು ಸುರಿಯುತ್ತಾರೆ. ಗಾರೆಗೆ ಕನಿಷ್ಠ ಮೂರು ತಿಂಗಳು ಮಾಗಿದ ಸುಣ್ಣ ಒಂದು ಪಾಲು, ತೊಳೆದ ಒರಟು ಮರಳು ಮೂರು ಪಾಲು. ಕಡಲ ಮರಳು ಬೇಡವೇ ಬೇಡ, ಅದರ ಉಪ್ಪು ವರ್ಷಾನುಗಟ್ಟಲೆ ತೇವ ಎಳೆಯುತ್ತದೆ. ಗೋಡೆಯನ್ನು ಚೆನ್ನಾಗಿ ನೆನೆಸಿ, ಒಂದು ಪದರ 10ರಿಂದ 12 ಮಿಲಿಮೀಟರ್ ಮೀರದಂತೆ ಹಾಕಿ, ಬಿಸಿಲು ಬೀಳದಂತೆ ಒದ್ದೆ ಗೋಣಿ ಇಳಿಬಿಟ್ಟು ವಾರದವರೆಗೆ ತೇವವಾಗಿಡಿ. ಬೆಳಿಗ್ಗೆ ಹಾಕಿದ ಗಿಲಾವು ಮಧ್ಯಾಹ್ನದ ಹೊತ್ತಿಗೆ ಬಲೆಯಂತೆ ಸೀಳಿದರೆ ಮರಳು ಕಡಿಮೆಯಾಗಿದೆ, ಇಲ್ಲವೇ ಬೇಗ ಒಣಗಿದೆ. ಒಣಗಿದ ಮೇಲೆ ಬೆರಳಿಗೆ ಪುಡಿಯಾಗಿ ಬಂದರೆ ತೇವ ಸಾಲದೆ ಸುಣ್ಣ ಗಾಳಿಯೊಂದಿಗೆ ಗಟ್ಟಿಯಾಗಲೇ ಇಲ್ಲ. ಎರಡನೇ ಪದರ, ಆಮೇಲೆ ತೆಳುವಾದ ಸುಣ್ಣದ ಬಳಿತ. ಪ್ಲಾಸ್ಟಿಕ್ ಬಣ್ಣ ಬಳಿದರೆ ಇಷ್ಟೂ ಶ್ರಮ ನೀರುಪಾಲು.

ದೊಡ್ಡ ಕಟ್ಟಡಗಳು ಸುರಕ್ಷಿತವೇ?

ಬರ್ಗಾಶ್ 1883ರಲ್ಲಿ ಕಟ್ಟಿಸಿದ ಬೇತ್ ಅಲ್ ಅಜಾಯಿಬ್, ಅಚ್ಚರಿಗಳ ಅರಮನೆ, 2020ರ ಡಿಸೆಂಬರ್ 25ರಂದು ದುರಸ್ತಿ ನಡೆಯುತ್ತಿರುವಾಗಲೇ ಭಾಗಶಃ ಕುಸಿಯಿತು, ಇಬ್ಬರು ಸತ್ತರು. ಸ್ಟೋನ್ ಟೌನಿನ ಸಂರಕ್ಷಣೆಗೆ 1985ರಿಂದ ಪ್ರತ್ಯೇಕ ಪ್ರಾಧಿಕಾರವಿದೆ. ಗೋಡೆ, ಮಾಳಿಗೆ ಮುಟ್ಟುವ ಮೊದಲು ಅಲ್ಲಿಂದ ಅನುಮತಿ ಪಡೆಯಬೇಕು.

ಹವಳ, ಕಾಂಡ್ಲಾ ಕಂಬ ಈಗಲೂ ಸಿಗುತ್ತವೆಯೇ?

ಜೀವಂತ ಹವಳ ಕಡಿಯುವ ಕಾಲ ಮುಗಿಯಿತು, ಮುಗಿಯಲೇಬೇಕಿತ್ತು. ಕೆತ್ತಿದ ಹಳೆಯ ತುಂಡುಗಳನ್ನು ಎಸೆಯದೆ ಮತ್ತೆ ಬಳಸಿ. ಕೀನ್ಯಾ 1982ರಲ್ಲಿ ಕಾಂಡ್ಲಾ ಕಂಬಗಳ ರಫ್ತು ನಿಲ್ಲಿಸಿತು. ಕಡಿಯಲು ಅರಣ್ಯ ಇಲಾಖೆಯ ಪರವಾನಗಿ ಬೇಕು. ಲೆಕ್ಕ ಕೊರಿಜಾದಲ್ಲಿ, ಒಂದು ಕೊರಿಜಾ ಎಂದರೆ 20 ಕಂಬ.

ಮಂಗಳೂರು ಹೆಂಚು ಅಲ್ಲಿಗೂ ಹೋಗಿತ್ತಂತೆ?

ಹೋಗಿತ್ತು. ಬಾಸೆಲ್ ಮಿಷನ್ 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಮಂಗಳೂರು ಹೆಂಚು ಹಡಗೇರಿ ಪೂರ್ವ ಆಫ್ರಿಕದ ಬಂದರುಗಳಿಗೂ ತಲುಪಿತು. ಆದರೆ ಹಳೆಯ ಸ್ವಾಹಿಲಿ ಮನೆಯ ಮಾಳಿಗೆ ಚಪ್ಪಟೆಯದು. ಇಳಿಜಾರು ಸೂರಿಗೆ ಹೆಂಚೋ ತಗಡೋ ಬಂದದ್ದು ಆಮೇಲಿನ ಕಾಲದಲ್ಲಿ.

ಉತ್ತರ ಕನ್ನಡದ ಸಿದ್ದಿಗಳ ಮನೆಗಳಲ್ಲಿ ಈ ವಿನ್ಯಾಸ ಉಳಿದಿದೆಯೇ?

ಗೋಡೆಗಳಲ್ಲಿ ಹುಡುಕಿದರೆ ಸಿಗುವುದಿಲ್ಲ. ಸಿದ್ದಿಗಳ ಪೂರ್ವಿಕರಲ್ಲಿ ಹಲವರನ್ನು ಪೋರ್ಚುಗೀಸರು ಗೋವಾಕ್ಕೆ ಗುಲಾಮರನ್ನಾಗಿ ತಂದಿದ್ದರು. ಅಲ್ಲಿಂದ ತಪ್ಪಿಸಿಕೊಂಡವರು, ಬಿಡುಗಡೆಯಾದವರು ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಾಡಂಚಿನಲ್ಲಿ ನೆಲೆಸಿ, ಅಲ್ಲಿ ಸಿಕ್ಕ ಮಣ್ಣು, ಮರ, ಹೆಂಚಿನಲ್ಲೇ ಮನೆ ಕಟ್ಟಿದರು. ಮನೆಯೊಳಗೆ ಅವರದ್ದೇ ಎಂದು ಎದ್ದು ಕಾಣುವುದು ಕವಂದಿ ಕೌದಿ. ಹಳೆ ಸೀರೆಯನ್ನು ಹಾಸಿ, ಅದರ ಮೇಲೆ ಬಣ್ಣದ ತುಂಡುಗಳನ್ನು ಅಂಚಿನಿಂದ ಶುರುಮಾಡಿ ಸುತ್ತುತ್ತ ನಡುವಿನ ಕಡೆಗೆ ಹೊಲಿಯುತ್ತ ಬರುತ್ತಾರೆ. ನಾಲ್ಕೂ ಮೂಲೆಗೆ ಮಡಚಿದ ತ್ರಿಕೋನದ ತುಂಡುಗಳು, ಅವಕ್ಕೆ ಫುಲಾ ಎಂದು ಹೆಸರು. ಫುಲಾ ಇಲ್ಲದ ಕೌದಿ ಬೆತ್ತಲೆ ಎನ್ನುತ್ತಾರೆ.

ನೋಡಲು ಹೋದಾಗ ಹೇಗೆ ನಡೆದುಕೊಳ್ಳಬೇಕು?

ಬಾಗಿಲು ತೆರೆದಿದ್ದರೂ ದಾಕಾದಲ್ಲೇ ನಿಂತು "ಹೋಡಿ" ಎಂದು ಕೂಗಿ. ಒಳಗಿನಿಂದ "ಕರಿಬು" ಎಂದು ಕೇಳಿದ ಮೇಲೆ ಚಪ್ಪಲಿ ಬಿಟ್ಟು ಒಳಗೆ ಹೋಗಿ. ಮೂರು ಸಲ ಕೂಗಿಯೂ ಉತ್ತರ ಬರದಿದ್ದರೆ ಹಿಂದಿರುಗಿ. ಅಂಗಳದವರೆಗೆ ಕರೆದರೆ ಅಂಗಳದಲ್ಲೇ ಇರಿ, ನ್ದಾನಿಯ ಫೋಟೊ ಕೇಳಬೇಡಿ. ಲಾಮುವಿನಲ್ಲಿ ಒಂದು ಹಳೆಯ ಮನೆಯನ್ನೇ ಸ್ವಾಹಿಲಿ ಮನೆಯ ಸಂಗ್ರಹಾಲಯವನ್ನಾಗಿ ತೆರೆದಿಟ್ಟಿದ್ದಾರೆ, ಒಳಕೋಣೆ, ಜಿದಾಕಾ ನೋಡಲು ಅಲ್ಲಿಗೆ ಹೋಗಿ. ಓಣಿಯಲ್ಲಿ ಹಿಂದಿನಿಂದ ಕತ್ತೆಯ ಗೊರಸಿನ ಸದ್ದು ಕೇಳಿದರೆ ಕೂಡಲೇ ಗೋಡೆಗೆ ಒತ್ತಿ ನಿಲ್ಲಿ: ಎರಡೂ ಬದಿಗೆ ಕಲ್ಲೋ ಮರಳೋ ಹೇರಿಕೊಂಡ ಕತ್ತೆ ನಿಮಗಾಗಿ ದಾರಿ ಬಿಡುವುದಿಲ್ಲ.